ಕ್ಯಾರವಾನ್ ಫ್ರಿಜ್ ತಣ್ಣಗಾಗುತ್ತಿಲ್ಲವೇ? ಬೆನ್ನ ಹಿಂದಿನ ಗಾಳಿಯ ದಾರಿ ನೋಡಿ

ವಿಟ್ಲ: ಕಲ್ಲಡ್ಕ-ಚೆರ್ಕಳ ರಸ್ತೆಯಲ್ಲಿ ವಿಟ್ಲ, ಅಡ್ಯನಡ್ಕ ದಾಟಿ ಸಾರಡ್ಕ ತಲುಪಿದರೆ ಕೇರಳದ ಗಡಿ. ಆ ರಾಜ್ಯವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಹಾಸಿಗೆ, ಅಡುಗೆಮನೆಗಳನ್ನು ಹೊತ್ತು ಸಾಗುವ ಇಂತಹ ವಾಹನಗಳಲ್ಲಿ ಕರಾವಳಿಯ ಬೇಸಗೆಯು ಮೊದಲು ಪರೀಕ್ಷೆಗೆ ಒಡ್ಡುವುದು ಫ್ರಿಜ್ಜನ್ನು. ಹಾಲು ಒಡೆದರೆ ನಷ್ಟ ಅಲ್ಪ. ಆದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಿಸಬೇಕಾದ ಇನ್ಸುಲಿನ್ ಜೊತೆಗಿದ್ದರೆ ವಿಷಯ ಗಂಭೀರವಾಗುತ್ತದೆ.

ಕ್ಯಾರವಾನ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಅಬ್ಸಾರ್ಪ್ಶನ್ ಮಾದರಿಯ ಫ್ರಿಜ್. ಸ್ವೀಡನ್ನಿನ ಬಾಲ್ಟ್‌ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ವಿದ್ಯಾರ್ಥಿಗಳಾಗಿದ್ದಾಗಲೇ, 1922ರಲ್ಲಿ, ಇದನ್ನು ರೂಪಿಸಿದರು. ಇದರಲ್ಲಿ ಕಂಪ್ರೆಸರ್ ಇಲ್ಲ, ಸದ್ದೂ ಇಲ್ಲ. ಗ್ಯಾಸಿನ ಸಣ್ಣ ಜ್ವಾಲೆ ಅಥವಾ ವಿದ್ಯುತ್ ಹೀಟರ್ ಅಮೋನಿಯಾ-ನೀರಿನ ದ್ರಾವಣವನ್ನು ಕಾಯಿಸುತ್ತದೆ. ಮೇಲೇರಿದ ಅಮೋನಿಯಾ ಆವಿಯು ಹಿಂಬದಿಯ ಕಂಡೆನ್ಸರ್‌ನಲ್ಲಿ ತಣಿದು ದ್ರವವಾಗಿ, ಒಳಗೆ ಹೈಡ್ರೋಜನ್ ಅನಿಲದ ಸನ್ನಿಧಿಯಲ್ಲಿ ಮತ್ತೆ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಬೆಂಕಿಯಿಂದ ತಂಪು ಎಂದರೆ ನಂಬುವುದು ಕಷ್ಟವೇ ಸರಿ.

ತೊಡಕಿರುವುದು ಕಂಡೆನ್ಸರ್‌ನಲ್ಲಿ. ಅದರ ಸುತ್ತ ಬಿಸಿಗಾಳಿ ಮಡುಗಟ್ಟಿದರೆ ಆವಿ ಸರಿಯಾಗಿ ದ್ರವವಾಗದು. ಜ್ವಾಲೆ ಎಷ್ಟು ಉರಿದರೂ ಒಳಗೆ ತಂಪು ಹುಟ್ಟದು. ಆದ್ದರಿಂದಲೇ ವಾಹನದ ಪಕ್ಕದಲ್ಲಿ ಕೆಳಗೊಂದು ಕಿಂಡಿ, ಮೇಲೆ ಅಥವಾ ಛಾವಣಿಯಲ್ಲಿ ಇನ್ನೊಂದು ಕಿಂಡಿ ಇರುತ್ತದೆ. ನಮ್ಮ ಹಂಚಿನ ಮನೆಗಳ ಅಡುಗೆಕೋಣೆಯ ಬಿಸಿ ಮಾಡಿನ ಸಂದಿಯಿಂದ ಹೊರಹೋಗುವ ತತ್ತ್ವವೇ ಇಲ್ಲಿಯದೂ. ಆದರೆ ಗಾಳಿಯಾಡದ ಏಪ್ರಿಲ್ ಮಧ್ಯಾಹ್ನ, ಬಿಸಿಲಿಗೆ ಬೆನ್ನೊಡ್ಡಿ ನಿಂತ ವಾಹನದಲ್ಲಿ ಈ ಸಹಜ ಹರಿವು ಸಾಲದಾಗುತ್ತದೆ.

ಫ್ಯಾನಿನ ಕೆಲಸ ಇಲ್ಲಿಂದ ಆರಂಭ. ಕಂಪ್ಯೂಟರ್‌ಗಳಲ್ಲಿ ಬಳಸುವ 120 ಮಿ.ಮೀ. ಅಗಲದ, 12 ವೋಲ್ಟ್‌ನ ಒಂದೆರಡು ಫ್ಯಾನ್ ಸಾಕು. ಮೇಲಿನ ಕಿಂಡಿಯ ಬಳಿ ಹೊರಮುಖವಾಗಿ ಕೂರಿಸುವುದು ಸಾಮಾನ್ಯ ಕ್ರಮ. ಕಂಡೆನ್ಸರ್‌ನ ಕೆಳಗಿನಿಂದ ಮೇಲ್ಮುಖವಾಗಿ ಊದಿಸುವವರೂ ಇದ್ದಾರೆ. ಯಾವುದೇ ಆದರೂ ಜ್ವಾಲೆಯ ಮೇಲೆ ಗಾಳಿ ಬೀಸಕೂಡದು. 0.2 ಆಂಪಿಯರ್ ಎಳೆಯುವ ಫ್ಯಾನ್ 24 ಗಂಟೆ ತಿರುಗಿದರೂ ಖರ್ಚಾಗುವುದು 4.8 ಆಂಪಿಯರ್-ಅವರ್ ಮಾತ್ರ. ಕಂಡೆನ್ಸರ್‌ನ ರೆಕ್ಕೆಗಳು ಬಿಸಿಯಾದಾಗ ಮಾತ್ರ ಚಾಲೂ ಆಗುವ ತಾಪ ಸ್ವಿಚ್ ಅಳವಡಿಸಿದರೆ ಅದೂ ಉಳಿಯುತ್ತದೆ.

ಫ್ಯಾನ್‌ಗಿಂತಲೂ ಮುಖ್ಯವಾದದ್ದು ಗಾಳಿಯ ದಾರಿ ಎಂಬುದನ್ನು ಹಲವರು ಮರೆಯುತ್ತಾರೆ. ಫ್ರಿಜ್‌ನ ಬೆನ್ನಿಗೂ ವಾಹನದ ಗೋಡೆಗೂ ನಡುವೆ ಅಂತರ ಅತಿಯಾಗಿದ್ದರೆ ಗಾಳಿಯು ಕೊಳವೆಗಳನ್ನು ತಾಕದೆ ಆಚೆಯಿಂದಲೇ ಹೊರಟುಹೋಗುತ್ತದೆ. ಅಲ್ಲಿ ತಗಡಿನ ತಡೆ ಕೂರಿಸಿ ಹರಿವನ್ನು ಕೊಳವೆಗಳತ್ತ ತಿರುಗಿಸಬೇಕು. ಕಣಜದ ಗೂಡು, ಜೇಡರ ಬಲೆ, ಧೂಳು ಕಿಂಡಿಯನ್ನು ಮುಚ್ಚಿದ್ದರೆ ಮೊದಲು ಅದನ್ನು ತೆಗೆಯಬೇಕು. ಇಷ್ಟಾಗಿಯೂ ಫ್ಯಾನ್ ಹೊರಗಿನ ಗಾಳಿಯನ್ನು ತಂಪು ಮಾಡಲಾರದು. ಹೊರಗೆ 36 ಡಿಗ್ರಿ ಇದ್ದರೆ ಕಂಡೆನ್ಸರ್‌ಗೆ ಸಿಗುವುದೂ ಅದೇ 36. ವಾಹನವನ್ನು ಮರದ ನೆರಳಿಗೆ, ಫ್ರಿಜ್ ಇರುವ ಬದಿ ಬಿಸಿಲಿಗೆ ಬೀಳದಂತೆ ನಿಲ್ಲಿಸುವುದು ಖರ್ಚಿಲ್ಲದ ಉಪಾಯ.

ಚಾರ್ಮಾಡಿ, ಶಿರಾಡಿಯ ಕಡೆ ಹೋಗುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಫ್ರಿಜ್‌ನೊಳಗಿನ ದ್ರವ ಹರಿಯುವುದು ಗುರುತ್ವದ ಬಲದಿಂದ. ಇಳಿಜಾರಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ ಚಾಲೂ ಇಟ್ಟರೆ ಹರಿವು ಕಟ್ಟಿ ಘಟಕವೇ ಹಾಳಾಗಬಹುದು. ಅಮೋನಿಯಾದ ಕಟು ವಾಸನೆ ಬಂದರೆ, ಹಿಂಬದಿಯಲ್ಲಿ ಹಳದಿ ಪುಡಿ ಕಂಡರೆ ಅದು ಸೋರಿಕೆಯ ಸೂಚನೆ. ಆಗ ಫ್ಯಾನ್ ಜೋಡಿಸುವ ಯೋಚನೆ ಬಿಟ್ಟು ಫ್ರಿಜ್ಜನ್ನು ಆರಿಸಿ ತಂತ್ರಜ್ಞರಿಗೆ ತೋರಿಸತಕ್ಕದ್ದು.

ಫ್ಯಾನ್ ಫಲ ಕೊಟ್ಟಿತೇ ಎಂದು ತಿಳಿಯಲು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಫ್ರಿಜ್‌ನಲ್ಲಿಟ್ಟು, ಹಿಂದಿನ ಮತ್ತು ಮುಂದಿನ ದಿನಗಳ ಅಂಕಿ ಹೋಲಿಸಬಹುದು. ಆಹಾರಕ್ಕೆ 5 ಡಿಗ್ರಿಗಿಂತ ಕೆಳಗಿರುವುದು ಕ್ಷೇಮ. ಈಚಿನ ವಾಹನಗಳಲ್ಲಿರುವ 12 ವೋಲ್ಟ್ ಕಂಪ್ರೆಸರ್ ಫ್ರಿಜ್‌ಗಳಿಗೂ, ಗೋಡೆಯ ಗೂಡಿನಲ್ಲಿ ಒತ್ತಾಗಿ ಕೂರಿಸಿದ ಮನೆಯ ಫ್ರಿಜ್‌ಗಳಿಗೂ ಗಾಳಿಯ ದಾರಿಯ ಈ ನಿಯಮ ಅನ್ವಯಿಸುತ್ತದೆ.