ಬೆಳಕಿನ ಮದ್ದು, ಸುರಪುರದ ಬಿಸಿಲು: ಮೈಯಲ್ಲಿ ಕರಗುವ ಔಷಧವಾಹಕ ಕಣಗಳ ಕುರಿತು ಒಂದು ಟಿಪ್ಪಣಿ

ಸುರಪುರ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ನಡುಮನೆಗೆ ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಮಧ್ಯಾಹ್ನ ಅಲ್ಲಿಂದ ಇಳಿದ ಬಿಸಿಲು ನೆಲದ ಮೇಲೆ ರೊಟ್ಟಿಯಗಲ ಬಿದ್ದಿರುತ್ತದೆ. ಬೆಳಕಿನ ಚಿಕಿತ್ಸೆಗಾಗಿ ಫೋಟೊಫ್ರಿನ್ ಎಂಬ ಚುಚ್ಚುಮದ್ದು ಪಡೆದ ಕ್ಯಾನ್ಸರ್ ರೋಗಿ ಕನಿಷ್ಠ 30 ದಿನ ಆ ರೊಟ್ಟಿಯಗಲದ ಬಿಸಿಲಿಗೂ ಕೈ ಚಾಚುವಂತಿಲ್ಲ. ಚಾಚಿದರೆ ಚರ್ಮ ಕೆಂಪಾಗಿ, ಬಾತು, ಬೊಬ್ಬೆ ಏಳಬಹುದು. ಬೆಳಕಿನ ಚಿಕಿತ್ಸೆಗೆ ಕರಗುವ ಕಣಗಳು ಏಕೆ ಬೇಕು ಎಂಬುದನ್ನು ನಮ್ಮ ಭಾಗದವರು ಈ ಬಿಸಿಲಿನ ಕಡೆಯಿಂದಲೇ ನೋಡಬೇಕು ಎನ್ನುವುದು ನನ್ನ ವಾದ.

ಈ ಚಿಕಿತ್ಸೆಗೆ ಮೂರು ಬೇಕು: ಬಣ್ಣದಂಥ ಒಂದು ಮದ್ದು, ಬೆಳಕು, ಆಕ್ಸಿಜನ್. ಅಕ್ರಿಡಿನ್ ಬಣ್ಣ ಕುಡಿದ ಪ್ಯಾರಮೀಸಿಯಂ ಜೀವಿಗಳು ಬೆಳಕಿನಲ್ಲಿ ಸಾಯುತ್ತವೆ ಎಂದು ಮ್ಯೂನಿಕ್‌ನ ಆಸ್ಕರ್ ರಾಬ್ 1900ರಲ್ಲಿ ಪ್ರಕಟಿಸಿದ. ಫೋಟೊಫ್ರಿನ್‌ಗೆ ಮೊದಲ ಅನುಮತಿ ಸಿಕ್ಕಿದ್ದು ಕೆನಡಾದಲ್ಲಿ, 1993ರಲ್ಲಿ. ಚುಚ್ಚುಮದ್ದು ಕೊಟ್ಟು 40ರಿಂದ 50 ಗಂಟೆಗಳ ನಂತರ 630 ನ್ಯಾನೊಮೀಟರ್‌ನ ಕೆಂಪು ಲೇಸರನ್ನು ಗೆಡ್ಡೆಯ ಮೇಲೆ ಬಿಡುತ್ತಾರೆ. ಮದ್ದು ಬೆಳಕನ್ನು ಹೀರಿ ಪಕ್ಕದ ಆಕ್ಸಿಜನ್‌ಗೆ ಶಕ್ತಿ ದಾಟಿಸುತ್ತದೆ. ಹಾಗೆ ಹುಟ್ಟಿದ ಸಿಂಗ್ಲೆಟ್ ಆಕ್ಸಿಜನ್ ತಾನಿದ್ದ ಜೀವಕೋಶವನ್ನು ಹಾಳುಗೆಡವುತ್ತದೆ. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಆದರೆ ಎರಡನ್ನೂ ಒಂದೇ ಎನ್ನಲಾಗದು: ಬಾವಂಚಿಯ ಸೊರಾಲೆನ್ ಮುಖ್ಯವಾಗಿ ಡಿಎನ್‌ಎಗೇ ಅಂಟಿಕೊಳ್ಳುತ್ತದೆ, ಅದಕ್ಕೆ ಆಕ್ಸಿಜನ್ ಬೇಕಿಲ್ಲ.

ಪೋರ್ಫಿರಿನ್ ಜಾತಿಯ ಹಲವು ಮದ್ದುಗಳಿಗೆ ನೀರು ಒಗ್ಗದು. ರಕ್ತದಲ್ಲಿ ಗಂಟುಕಟ್ಟುತ್ತವೆ, ಗಂಟು ಕಟ್ಟಿದ್ದು ಬೆಳಕು ಬಿದ್ದರೂ ಸರಿಯಾಗಿ ಕೆಲಸ ಮಾಡದು. ಅದಕ್ಕೇ ಮದ್ದನ್ನು ಪಿಎಲ್‌ಜಿಎ ಎಂಬ ಪಾಲಿಮರ್‌ನ ಕಣದೊಳಗೆ ಇಡುವುದು. ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿ ಕರಗುವ ಹೊಲಿಗೆ ದಾರ ಇದೇ ಕುಲದ್ದು. ಪಿಎಲ್‌ಜಿಎ ಮೈಯೊಳಗಿನ ನೀರಿನಿಂದ ಒಡೆದು ಲ್ಯಾಕ್ಟಿಕ್ ಆಮ್ಲ, ಗ್ಲೈಕೋಲಿಕ್ ಆಮ್ಲವಾಗುತ್ತದೆ. ಕಣ ಮಾಡುವ ಒಂದು ವಿಧಾನ ನೋಡಲು ಸರಳ: ಅಸಿಟೋನ್‌ನಲ್ಲಿ ಪಾಲಿಮರ್ ಕರಗಿಸಿ, ತಿರುಗುತ್ತಿರುವ ನೀರಿಗೆ ಹನಿಹನಿಯಾಗಿ ಬಿಟ್ಟರೆ ತಿಳಿನೀರು ಮಜ್ಜಿಗೆ ತಿಳಿಯಂತೆ ಮಬ್ಬಾಗಿ ತುಸು ನೀಲಿ ಹೊಳಪು ಬರುತ್ತದೆ. ಮದ್ದು ಸೇರಿಸಿದರೆ ಅದರ ಬಣ್ಣವೂ ಕೂಡುತ್ತದೆ. ಈ ವಿದ್ಯೆ ಕನ್ನಡ ನಾಡಿಗೆ ದೂರದ್ದಲ್ಲ. ಇಂಥ ಪಾಲಿಮರ್ ನ್ಯಾನೊ ಕಣಗಳ ಬಗ್ಗೆ 2001ರಲ್ಲಿ ಬಂದು ಜಗತ್ತಿನಾದ್ಯಂತ ಉಲ್ಲೇಖಗೊಂಡ ಸಮೀಕ್ಷಾ ಲೇಖನದ ಕರ್ತೃಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸೊಪ್ಪಿಮಠ, ಅಮಿನಭಾವಿ ಇದ್ದಾರೆ.

ಇಂಥ ಸಂಶೋಧನೆಗಳನ್ನು ಓದುವಾಗ ಗೆಡ್ಡೆಯಲ್ಲಿ ಮದ್ದು ಎಷ್ಟು ಸೇರಿತು ಎಂಬ ಅಂಕಿ ಮೊದಲು ಕಣ್ಣಿಗೆ ಬೀಳುತ್ತದೆ. ಚರ್ಮದಲ್ಲಿ ಎಷ್ಟು ದಿನ ಉಳಿಯಿತು ಎಂಬ ಅಂಕಿಯನ್ನು ನಾನು ಮೊದಲು ಹುಡುಕುತ್ತೇನೆ. ಹತ್ತಿ ಬಿಡಿಸುವ, ಭತ್ತದ ನಾಟಿಗೆ ಹೋಗುವ ಹೆಣ್ಣುಮಗಳಿಗೆ 30 ದಿನ ಹೊಲ ಬಿಡುವುದೆಂದರೆ ಸುಗ್ಗಿಯ ಕೂಲಿಯನ್ನೇ ಬಿಟ್ಟಂತೆ. ಬಿಸಿಲಿಗೆ ಹಚ್ಚುವ ಸಾಮಾನ್ಯ ಕ್ರೀಮು ಅವಳನ್ನು ಕಾಯದು, ಏಕೆಂದರೆ ಇಲ್ಲಿ ಸುಡುವುದು ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೇ. ಕತ್ತಲೆ ಕೋಣೆಯಲ್ಲಿ ಕೂಡುವುದೂ ತಪ್ಪು: ಮನೆಯೊಳಗಿನ ಸೌಮ್ಯ ಬೆಳಕೇ ಚರ್ಮದಲ್ಲಿ ಉಳಿದ ಮದ್ದನ್ನು ನಿಧಾನವಾಗಿ ಕಳೆಯುವುದು. ಕಣ್ಣಿನ ರೆಟಿನಾ ಕಾಯಿಲೆಗೆ ಲೈಪೊಸೋಮ್ ಎಂಬ ವಾಹಕದಲ್ಲಿಟ್ಟು ಕೊಡುವ ವರ್ಟೆಪೊರ್ಫಿನ್‌ಗೆ 5 ದಿನದ ಪಥ್ಯ ಸಾಕು. ಆ ಮದ್ದಿನ ಅಣುವೇ ಬೇಗ ಹೊರಹೋಗುವಂಥದ್ದು, ಹಾಗಾಗಿ ಶ್ರೇಯವೆಲ್ಲ ವಾಹಕದ್ದಲ್ಲ. ಆದರೂ 30ಕ್ಕೂ 5ಕ್ಕೂ ಇರುವ ಅಂತರ ಒಬ್ಬ ಕೂಲಿಯವಳ ಬದುಕಿನಲ್ಲಿ ಎಷ್ಟು ದೊಡ್ಡದು!

ಈ ಚಿಕಿತ್ಸೆಗೆ ಮಿತಿಯೂ ಇದೆ: ಕೆಂಪು ಬೆಳಕು ಮಾಂಸದೊಳಗೆ ಕೆಲವು ಮಿಲಿಮೀಟರ್ ಮಾತ್ರ ಪರಿಣಾಮಕಾರಿಯಾಗಿ ಇಳಿಯುತ್ತದೆ. ತಂಬಾಕು, ಗುಟ್ಕಾದಿಂದ ಬಾಯಲ್ಲಿ ಏಳುವ ತೆಳುವಾದ ಗಾಯಗಳಿಗೆ ಆದ್ದರಿಂದ ಇದು ಹೆಚ್ಚು ಹೊಂದುತ್ತದೆ.

ಇನ್ನೊಂದು ಮಾತು ತಾಪದ್ದು. ಒಣ ಪಿಎಲ್‌ಜಿಎ ಸುಮಾರು 45ರಿಂದ 50 ಡಿಗ್ರಿಯಲ್ಲಿ ಗಾಜಿನ ಬಿರುಸು ಬಿಟ್ಟು ಮೆತ್ತಗಾಗುತ್ತದೆ. ತೇವ ತಾಗಿದರೆ ಇನ್ನೂ ಕೆಳಗೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ನಿಂತ ವಾಹನದೊಳಗೆ ಇನ್ನೂ ಹೆಚ್ಚು. ಮೆತ್ತಗಾದ ಕಣಗಳು ಒಂದಕ್ಕೊಂದು ಅಂಟಿ ಗಂಟಾದರೆ ರಕ್ತನಾಳಕ್ಕೆ ಕೊಡಲು ಬಾರದು. ಶೈತ್ಯದಲ್ಲಿ ಒಣಗಿಸಿದ ಕಣಗಳ ಪುಡಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು ಎಂಬ ಸೂಚನೆ ಕಲಬುರಗಿಯಲ್ಲಿ ಪಾಲನೆಯಾಗಬಹುದು. ಅಲ್ಲಿಂದ ಜೇವರ್ಗಿ, ಶಹಾಪುರ ದಾಟಿ ಏಪ್ರಿಲ್ ಮಧ್ಯಾಹ್ನ ಸುರಪುರಕ್ಕೆ ಬಂದ ಸೀಸೆಯಲ್ಲಿ ಕಣದ ಗಾತ್ರ ಮೊದಲಿನಷ್ಟೇ ಇದೆಯೇ ಎಂದು ಅಳೆದು ನೋಡಿದ ಮೇಲೆಯೇ ಮುಂದಿನ ಮಾತು.