ಐವತ್ತರ ನಂತರ ಪೈಲಟ್ ಕೆಲಸ

ಐವತ್ತರ ವಯಸ್ಸಿನಲ್ಲಿ ಪ್ರಾದೇಶಿಕ ವಿಮಾನ ಕಂಪನಿಯ ಪೈಲಟ್ ಆಗಬಹುದೆ? ಅಮೆರಿಕದ ಇತಿಹಾಸ ನೋಡಿ. ಅಲ್ಲಿ 1960ರಿಂದ ದೊಡ್ಡ ಕಂಪನಿಗಳ ಪೈಲಟ್‌ಗಳು 60ಕ್ಕೆ ಕೆಲಸ ಬಿಡಬೇಕಿತ್ತು. 2007ರ ಡಿಸೆಂಬರಿನಲ್ಲಿ ಈ ಮಿತಿ 65ಕ್ಕೆ ಏರಿತು.

2009ರ ಫೆಬ್ರವರಿಯಲ್ಲಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ ವಿಮಾನ ಬಫಲೋ ಬಳಿ ಬಿದ್ದು 50 ಜನ ಮೃತಪಟ್ಟರು. ಅದರ ಪೈಲಟ್‌ಗಳಿಬ್ಬರಿಗೂ 2000 ಗಂಟೆಗಳಿಗೂ ಮೀರಿದ ಅನುಭವವಿತ್ತು. ಆದರೂ 2013ರಿಂದ ಸಹಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆಗಳ ಹಾರಾಟ ಕಡ್ಡಾಯವಾಯಿತು. ಮೊದಲು 250 ಸಾಕಿತ್ತು.

ನೀವೇ ಲೆಕ್ಕ ಹಾಕಿ. ದಿನಕ್ಕೆ ಎರಡು ಗಂಟೆ ಹಾರಿದರೂ ಹೆಚ್ಚುವರಿ 1250 ಗಂಟೆಗಳಿಗೆ 625 ದಿನ ಬೇಕು. ಹಲವರು ಇತರರಿಗೆ ಹಾರಾಟ ಕಲಿಸುತ್ತ ಇದನ್ನು ಗಳಿಸುತ್ತಾರೆ. ಒಂದು ಕಾನೂನು ಐದು ವರ್ಷ ಕೊಟ್ಟಿತು, ಇನ್ನೊಂದು ಸುಮಾರು ಎರಡು ವರ್ಷ ಕೇಳಿತು. ತಡವಾಗಿ ಬಂದವರಿಗೂ ಬಾಗಿಲು ತೆರೆದಿದೆ. ಕಾಯುವಷ್ಟು ಕಾಲವಿಲ್ಲ, ಅಷ್ಟೆ.