‘ಶಾನ್ ಆಫ್ ದ ಡೆಡ್’: ಸೋಂಕಿನ ನಡುವೆ ನಗೆ, ನಗೆಯ ನಡುವೆ ಸಾವು

‘ಶಾನ್ ಆಫ್ ದ ಡೆಡ್’ 2004ರಲ್ಲಿ ತೆರೆಕಂಡ ಬ್ರಿಟಿಷ್ ಹಾಸ್ಯ-ಭಯಾನಕ ಚಲನಚಿತ್ರ. ಸತ್ತವರು ಎದ್ದು ಬದುಕಿರುವವರನ್ನು ಕಚ್ಚುವ, ಕಚ್ಚಿಸಿಕೊಂಡವರು ಸತ್ತು ಅವರಂತೆಯೇ ಆಗುವ ವಿಚಿತ್ರ ಸಾಂಕ್ರಾಮಿಕವೊಂದು ಲಂಡನ್ ನಗರವನ್ನು ಆವರಿಸುವುದು ಇದರ ಕಥಾವಸ್ತು. ನಿರ್ದೇಶಕ ಎಡ್ಗರ್ ರೈಟ್. ಅವರೊಡನೆ ಚಿತ್ರಕಥೆ ರಚಿಸಿದ ಸೈಮನ್ ಪೆಗ್ ಅವರೇ ನಾಯಕ ಶಾನ್‌ನ ಪಾತ್ರಧಾರಿ. ಗೆಳೆಯ ಎಡ್‌ನಾಗಿ ನಿಕ್ ಫ್ರಾಸ್ಟ್, ಪ್ರೇಯಸಿ ಲಿಜ್ ಆಗಿ ಕೇಟ್ ಆ್ಯಶ್‌ಫೀಲ್ಡ್, ತಾಯಿ ಬಾರ್ಬರಾ ಆಗಿ ಪೆನೆಲೊಪಿ ವಿಲ್ಟನ್, ಮಲತಂದೆ ಫಿಲಿಪ್ ಆಗಿ ಬಿಲ್ ನೈ ಅಭಿನಯಿಸಿದ್ದಾರೆ.

ಹಿನ್ನೆಲೆ

ಚಿತ್ರದ ಬೀಜ ಮೊಳೆತದ್ದು ಕಿರುತೆರೆಯಲ್ಲಿ. ರೈಟ್ ನಿರ್ದೇಶಿಸಿದ ‘ಸ್ಪೇಸ್ಡ್’ ಹಾಸ್ಯ ಧಾರಾವಾಹಿಯ 1999ರ ಸಂಚಿಕೆಯೊಂದರಲ್ಲಿ, ವಿಡಿಯೊ ಗೇಮ್‌ನಲ್ಲಿ ಮುಳುಗಿದ್ದ ಪೆಗ್‌ರ ಪಾತ್ರಕ್ಕೆ ಸುತ್ತಲೂ ಜೋಂಬಿಗಳು ಮುತ್ತಿದಂತೆ ಭ್ರಮೆಯಾಗುತ್ತದೆ. ಆ ದೃಶ್ಯವೇ ಇಡೀ ಚಿತ್ರಕ್ಕೆ ಪ್ರೇರಣೆಯಾಯಿತು. ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ ಅವರ ‘ಡಾನ್ ಆಫ್ ದ ಡೆಡ್’ (1978) ಚಿತ್ರದ ಹೆಸರನ್ನೇ ತಿರುಚಿ ಶೀರ್ಷಿಕೆ ಇಡಲಾಯಿತು.

ಕಥೆ

ಶಾನ್ ಇಪ್ಪತ್ತೊಂಬತ್ತರ ಹರೆಯದ ಮಾರಾಟ ಸಹಾಯಕ. ಕೆಲಸ ಮುಗಿದರೆ ‘ವಿಂಚೆಸ್ಟರ್’ ಎಂಬ ಪಬ್, ಇಲ್ಲವೇ ಮನೆಯ ಸೋಫಾ. ಇಷ್ಟೇ ಅವನ ಲೋಕ. ಬೇಸತ್ತ ಲಿಜ್ ಅವನನ್ನು ತೊರೆಯುತ್ತಾಳೆ. ಮರುದಿನ ಬೆಳಗ್ಗೆ, ಅಮಲಿನ್ನೂ ಇಳಿಯದ ಶಾನ್ ಎಂದಿನಂತೆ ಬೀದಿಯ ಅಂಗಡಿಗೆ ಹೋಗಿ ಬರುತ್ತಾನೆ. ದಾರಿಯಲ್ಲಿ ತೂರಾಡುವ ಶವಗಳಾಗಲೀ, ಅಂಗಡಿಯ ಫ್ರಿಜ್ ಬಾಗಿಲ ಮೇಲಿನ ರಕ್ತದ ಗುರುತಾಗಲೀ ಅವನ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ದಿನ ಇದೇ ದಾರಿಯಲ್ಲಿ ಸಾಗಿದ್ದ ಕ್ಯಾಮೆರಾ ಈಗಲೂ ಅದೇ ಬಗೆಯಲ್ಲಿ ಸಾಗುತ್ತದೆ. ರೋಗ ಬರುವ ಮೊದಲೇ ನಗರದ ಮಂದಿ ನಡೆದಾಡುವ ಶವಗಳಂತಿದ್ದರು ಎಂಬ ವ್ಯಂಗ್ಯ ಅಲ್ಲಿ ಮಾತಿಲ್ಲದೆಯೇ ಮನದಟ್ಟಾಗುತ್ತದೆ.

ಎಚ್ಚೆತ್ತ ಬಳಿಕ ಅವನ ಯೋಜನೆ ಸರಳ: ತಾಯಿಯನ್ನೂ ಲಿಜ್‌ಳನ್ನೂ ಕರೆದುಕೊಂಡು ವಿಂಚೆಸ್ಟರ್ ಸೇರುವುದು. ದಾರಿಯಲ್ಲಿ ಒಬ್ಬೊಬ್ಬರೇ ಸೋಂಕಿಗೆ ಬಲಿಯಾಗುತ್ತಾರೆ. ಜೀವಮಾನವಿಡೀ ಮುನಿಸಿಕೊಂಡಿದ್ದ ಮಲತಂದೆ ಸಾವಿನ ಅಂಚಿನಲ್ಲಿ ಮಗನೊಂದಿಗೆ ಮನಬಿಚ್ಚಿ ಮಾತನಾಡುತ್ತಾನೆ. ಮಗನಿಗೆ ತೊಂದರೆ ಬೇಡವೆಂದು ಕಚ್ಚಿದ ಗಾಯವನ್ನು ಮುಚ್ಚಿಟ್ಟಿದ್ದ ತಾಯಿಯ ಮೇಲೆ ಶಾನ್ ತಾನೇ ಬಂದೂಕು ಹಿಡಿಯಬೇಕಾಗುತ್ತದೆ. ಅಲ್ಲಿಯವರೆಗೆ ನಗುತ್ತಿದ್ದ ಪ್ರೇಕ್ಷಕ ಇಲ್ಲಿ ಮೌನವಾಗುತ್ತಾನೆ. ಹಾಸ್ಯಕ್ಕಾಗಿ ಸಾವನ್ನು ಹಗುರಗೊಳಿಸದಿರುವುದೇ ಚಿತ್ರದ ನಿಜವಾದ ಬಲ.

ರೋಗದ ಮೂಲವೇನೆಂಬುದನ್ನು ಚಿತ್ರ ಕೊನೆಯವರೆಗೂ ಸ್ಪಷ್ಟಪಡಿಸುವುದಿಲ್ಲ. ಶಾನ್ ಟಿವಿ ಚಾನೆಲ್ ಬದಲಿಸುವಾಗ ಸುದ್ದಿ ತುಣುಕುಗಳು ಬಂದು ಹೋಗುತ್ತವೆ, ಅವನು ಗಮನಿಸುವುದಿಲ್ಲ.

ಸ್ವೀಕಾರ

ಸುಮಾರು 60 ಲಕ್ಷ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ ಸುಮಾರು 3 ಕೋಟಿ ಡಾಲರ್ ಗಳಿಸಿತು. ಚಿತ್ರವನ್ನು ಮೆಚ್ಚಿದ ರೊಮೆರೊ ತಮ್ಮ ‘ಲ್ಯಾಂಡ್ ಆಫ್ ದ ಡೆಡ್’ (2005) ಚಿತ್ರದಲ್ಲಿ ಪೆಗ್ ಹಾಗೂ ರೈಟ್ ಇಬ್ಬರಿಗೂ ಜೋಂಬಿಗಳ ಕಿರುಪಾತ್ರ ನೀಡಿದರು. ಇದೇ ತಂಡದ ‘ಹಾಟ್ ಫಜ್’ (2007), ‘ದ ವರ್ಲ್ಡ್ಸ್ ಎಂಡ್’ (2013) ಚಿತ್ರಗಳನ್ನೂ ಸೇರಿಸಿ ಮೂರನ್ನೂ ‘ಕಾರ್ನೆಟೊ ತ್ರಿವಳಿ’ ಎನ್ನಲಾಗುತ್ತದೆ. ಮೂರರಲ್ಲೂ ಆ ಐಸ್‌ಕ್ರೀಂ ಕಾಣಿಸಿಕೊಳ್ಳುತ್ತದೆ. ಚಿತ್ರದ ಸಂಕಲನಕಾರ ಕ್ರಿಸ್ ಡಿಕನ್ಸ್ ಮುಂದೆ ಮುಂಬಯಿಯ ಕಥೆಯುಳ್ಳ ‘ಸ್ಲಮ್‌ಡಾಗ್ ಮಿಲಿಯನೇರ್’ಗಾಗಿ 2009ರಲ್ಲಿ ಆಸ್ಕರ್ ಪಡೆದರು.

ಭಾರತದಲ್ಲೂ ಈ ಪ್ರಕಾರಕ್ಕೆ ನೆಲೆ ದೊರೆತಿದೆ. ಹಿಂದಿಯ ‘ಗೋ ಗೋವಾ ಗಾನ್’ 2013ರಲ್ಲಿ ಬಂದರೆ, ಕೋವಿಡ್ ಲಸಿಕೆಯ ಸಂಶೋಧನೆಯನ್ನು ಕಥೆಗೆ ಬೆಸೆದ ತೆಲುಗಿನ ‘ಜೋಂಬಿ ರೆಡ್ಡಿ’ 2021ರಲ್ಲಿ ತೆರೆಕಂಡಿತು.

2020ರ ಮಾರ್ಚ್‌ನಲ್ಲಿ ಕೊರೊನಾ ಹಬ್ಬಿದಾಗ ಪೆಗ್ ಮತ್ತು ಫ್ರಾಸ್ಟ್ ಚಿತ್ರದ ಆ ಪ್ರಸಿದ್ಧ ಯೋಜನೆಯನ್ನೇ ತಿದ್ದಿ ಕಿರು ವಿಡಿಯೊ ಹೊರತಂದರು. ಪಬ್‌ಗೆ ಹೋಗಬೇಡಿ, ಮನೆಯಲ್ಲೇ ಇರಿ ಎಂಬುದು ಅದರ ಸಾರ. ಹದಿನಾರು ವರ್ಷಗಳ ಹಿಂದೆ ನಗೆ ಉಕ್ಕಿಸಿದ್ದ ಯೋಜನೆ, ಈ ಬಾರಿ ನಗಿಸುತ್ತಲೇ ಜನರಿಗೆ ಎಚ್ಚರಿಕೆಯ ಮಾತಾಯಿತು.